ಕಂದಕದಾಚೆಯ ಜಮ್ಮ: ಹುಣಸೂರು ಉಪವಿಭಾಗದ ಕಾಡಂಚಿನ ಒಂದು ನೆಲದ ವಿವಾದ

ಗಡಿವಿವಾದ ಎಂಬ ಮಾತು ನಮ್ಮ ಸಂಶೋಧನೆಯಲ್ಲಿ ಬಹುಮಟ್ಟಿಗೆ ರಾಜ್ಯ ರಾಜ್ಯಗಳ ನಡುವಿನ ತಗಾದೆಗೆ ಮೀಸಲಾಗಿದೆ. ಬೆಳಗಾವಿ, ಕಾಸರಗೋಡುಗಳನ್ನು ಕುರಿತು, 1966ರಲ್ಲಿ ನೇಮಕಗೊಂಡು 1967ರಲ್ಲಿ ವರದಿ ಸಲ್ಲಿಸಿದ ಮಹಾಜನ ಆಯೋಗವನ್ನು ಕುರಿತು ಗ್ರಂಥಗಳೇ ಇವೆ. ಹೊರಜಗತ್ತಿನ ಉದಾಹರಣೆಗಳೂ ನಮಗೆ ಅಪರಿಚಿತವಲ್ಲ. ಪಶ್ಚಿಮ ಸಹಾರಾದಲ್ಲಿ ಮೊರಾಕ್ಕೊ 1980ರ ದಶಕದಲ್ಲಿ ಕಟ್ಟಿದ, ಸುಮಾರು 2,700 ಕಿಲೋಮೀಟರ್ ಉದ್ದದ ಮರಳು ಕಲ್ಲಿನ ದಿಬ್ಬವು ಸಹರಾವಿ ಜನರನ್ನು ಎರಡು ಪಾಲು ಮಾಡಿರುವುದು ಅಂತರರಾಷ್ಟ್ರೀಯ ರಾಜಕೀಯದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಆದರೆ ಒಂದೇ ಜಿಲ್ಲೆಯ ಒಳಗೆ, ಒಂದೇ ಭಾಷೆಯ ಆಡಳಿತದ ಅಡಿಯಲ್ಲಿ, ಒಂದು ಜನಸಮುದಾಯ ತನ್ನದೆಂದು ತಿಳಿದ ನೆಲಕ್ಕೂ ಸರ್ಕಾರ ತನ್ನದೆಂದು ಘೋಷಿಸಿದ ನೆಲಕ್ಕೂ ನಡುವೆ ಕಂದಕವೊಂದು ಬಿದ್ದರೆ ಅದನ್ನು ನಾವು ನೆಲದ ವಿವಾದವೆಂದು ಕರೆಯುವುದಿಲ್ಲ. ಅದು ‘ಪುನರ್ವಸತಿ’, ‘ಒತ್ತುವರಿ’, ‘ಗಿರಿಜನ ಕಲ್ಯಾಣ’ ಎಂಬ ತಲೆಬರಹಗಳ ಕಡತಗಳಲ್ಲಿ ಹಂಚಿಹೋಗುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮದ ಕಾಡಂಚಿನಲ್ಲಿ ನಡೆದಿರುವುದು ಇದೇ. ಹಾಗೆ ಹಂಚಿಹೋದ ಸಂಗತಿಗಳನ್ನು ಒಂದು ನೆಲದ ವಿವಾದವಾಗಿ ಜೋಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಅಧ್ಯಯನಕ್ಕೆ ತೆಗೆದುಕೊಂಡಿರುವುದು ಹುಣಸೂರು ಕಂದಾಯ ಉಪವಿಭಾಗ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಇದರಲ್ಲಿ ಸೇರುತ್ತವೆ. ಈಚೆಗೆ ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಇವುಗಳಲ್ಲಿ ಹಿಂದೆ ಯಡತೊರೆ ಎನಿಸಿಕೊಂಡಿದ್ದ ಕೃಷ್ಣರಾಜನಗರವು ಕಾವೇರಿಯ ನಾಲೆಗಳ ಬತ್ತದ ನಾಡು. ನಾಗರಹೊಳೆಯ ಕಾಡು ಅದರ ಎಲ್ಲೆಯನ್ನು ಮುಟ್ಟುವುದಿಲ್ಲ. ಹಾಗಿದ್ದೂ ಅದನ್ನು ಇಲ್ಲಿಂದ ಬಿಡುವಂತಿಲ್ಲ. ಏಕೆಂದರೆ ಅರಣ್ಯ ಹಕ್ಕಿನ ಅರ್ಜಿಯನ್ನು ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಯ ಅಧ್ಯಕ್ಷರಾದ ಉಪವಿಭಾಗಾಧಿಕಾರಿಗಳ ಮೇಜಿಗೆ ಬತ್ತದ ನಾಡಿನ ಜಮೀನು ವ್ಯಾಜ್ಯವೂ ಕಾಡಿನ ಹಾಡಿಯ ಅರ್ಜಿಯೂ ಒಟ್ಟಿಗೇ ಬರುತ್ತವೆ. ಮೊದಲನೆಯದಕ್ಕೆ ಪಹಣಿ, ಪಟ್ಟೆ, ಕಂದಾಯದ ರಸೀದಿಗಳಿವೆ. ಎರಡನೆಯದಕ್ಕೆ ಅವು ಯಾವುವೂ ಇಲ್ಲ. ಕಾಗದವನ್ನೇ ನೋಡಿ ಅಭ್ಯಾಸವಾದ ಕಚೇರಿಗೆ ಕಾಗದವಿಲ್ಲದ ನೆಲ ಕಾಣುವುದು ಕಷ್ಟ.

ಈ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು, ಕೆಲವೆಡೆ ಸೋಲಿಗರು ವಾಸಿಸುತ್ತಾರೆ. ಇವರಲ್ಲಿ ಜೇನುಕುರುಬರು ಕೊರಗರೊಡನೆ ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳಲ್ಲೊಂದು. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರ ಸಂಖ್ಯೆ 36,076. ಜೇನುಕುರುಬರ ನೆಲದ ಕಲ್ಪನೆಯನ್ನು ತಿಳಿಯಲು ‘ಜಮ್ಮ’ ಎಂಬ ಪದವನ್ನು ಗಮನಿಸಬೇಕು. ಕೊಡಗಿನ ಕಂದಾಯ ಇತಿಹಾಸವನ್ನು ಓದಿದವರಿಗೆ ಜಮ್ಮಾ ಎಂದೊಡನೆ ಸೇವೆಗೆ ಪ್ರತಿಯಾಗಿ ಒಕ್ಕಗಳಿಗೆ ದೊರೆತ ಭೂಹಿಡುವಳಿ ನೆನಪಾಗುತ್ತದೆ. ಹಾಡಿಯ ಜಮ್ಮ ಅದಲ್ಲ. ಅದು ಒಂದು ಕುಲ ತನ್ನದೆಂದು ತಿಳಿದು, ನೆರೆಯ ಕುಲವೂ ಹಾಗೆಂದು ಒಪ್ಪಿಕೊಂಡ ಕಾಡಿನ ಭಾಗ. ಅದರಲ್ಲಿ ಆ ಕುಲದ ದೇವರ ತಾಣವಿದೆ, ಹಿರಿಯರನ್ನು ಮಣ್ಣುಮಾಡಿದ ಜಾಗವಿದೆ, ಹೆಜ್ಜೇನು ಕಟ್ಟುವ ಮರಗಳಿವೆ, ಗೆಡ್ಡೆ ಅಗೆಯುವ ಹಳ್ಳದ ದಡಗಳಿವೆ. ಇದಕ್ಕೆ ಗಡಿಕಲ್ಲು ಇಲ್ಲ. ತೊರೆ, ಮರ, ಬಂಡೆ, ಹಡ್ಲುಗಳ ಹೆಸರುಗಳೇ ಇದರ ಗಡಿ. ಈ ಪದದ ಬಲವನ್ನು ಹೋರಾಟಗಾರರೂ ಬಲ್ಲರು. ‘ನಾಗರಹೊಳೆ ಆದಿವಾಸಿ ಜಮ್ಮಾಪಾಳೆ ಹಕ್ಕು ಸ್ಥಾಪನಾ ಸಮಿತಿ’ ಎಂಬ ಸಂಘಟನೆಯ ಹೆಸರಿನಲ್ಲಿಯೇ ಅದು ಸೇರಿದೆ. ಕೇಳುತ್ತಿರುವುದು ಮನೆ ನಿವೇಶನವನ್ನಲ್ಲ, ಜಮ್ಮವನ್ನು ಎಂಬುದು ಆ ಹೆಸರಿನ ಅರ್ಥ.

ಜಮ್ಮದ ಮೇಲೆ ಮೊದಲು ಬಿದ್ದ ಗೆರೆ ಅರಣ್ಯದ್ದಲ್ಲ, ರಾಜ್ಯಗಳದ್ದು. ಪಿರಿಯಾಪಟ್ಟಣ ಚೆಂಗಾಳ್ವರ ಕಾಲದಿಂದಲೂ ಕೊಡಗು ಮೈಸೂರುಗಳ ನಡುವಣ ಕದನದ ನೆಲ. ಆ ಕಾಳಗದ ನೆನಪು ಜನಪದರಲ್ಲಿ ಇಂದಿಗೂ ಉಳಿದಿದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಇಂದಿನ ನಾಗರಹೊಳೆಯ ಸುತ್ತಮುತ್ತ ಮೂರು ಆಡಳಿತಗಳು ಸಂಧಿಸಿದವು: ಪಶ್ಚಿಮಕ್ಕೆ ಕೊಡಗು, ಪೂರ್ವಕ್ಕೆ ಮೈಸೂರು ಸಂಸ್ಥಾನ, ದಕ್ಷಿಣಕ್ಕೆ ಮದರಾಸು ಪ್ರಾಂತ್ಯದ ಮಲಬಾರಿಗೆ ಸೇರಿದ ವಯನಾಡು. ಅರಣ್ಯ ಕಾನೂನುಗಳೂ ಬೇರೆ ಬೇರೆಯಾಗಿ ಬಂದವು. 1878ರ ಭಾರತೀಯ ಅರಣ್ಯ ಕಾಯ್ದೆ, 1882ರ ಮದರಾಸು ಅರಣ್ಯ ಕಾಯ್ದೆ, 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಇವುಗಳ ಅಡಿಯಲ್ಲಿ ಕಾಡಿನ ತುಂಡುಗಳು ಮೀಸಲು ಅರಣ್ಯ, ಸ್ಟೇಟ್ ಫಾರೆಸ್ಟ್ ಎಂಬ ಹೆಸರು ಪಡೆದವು. 1956ರ ನವೆಂಬರ್ 1ರಂದು ಕೊಡಗೂ ಮೈಸೂರೂ ಒಂದಾದವು, ವಯನಾಡು ಕೇರಳಕ್ಕೆ ಹೋಯಿತು. ಆದರೆ ಆ ಹೊತ್ತಿಗೆ ಒಂದೇ ಜನರಿಗೆ ಹಲವು ಹೆಸರುಗಳು ಅಂಟಿಕೊಂಡಿದ್ದವು. ಕೊಡಗಿನಲ್ಲಿ ಯರವರೆನಿಸಿದವರು ವಯನಾಡಿನಲ್ಲಿ ಅಡಿಯರು. ಜೇನುಕುರುಬರ ಹತ್ತಿರದ ಬಂಧುಗಳು ಅಲ್ಲಿ ಕಾಟ್ಟುನಾಯಕರು. ಒಂದೇ ಕಾಡಿನವರು ಎರಡು ರಾಜ್ಯಗಳ ಪರಿಶಿಷ್ಟ ಪಂಗಡ ಪಟ್ಟಿಗಳಲ್ಲಿ ಬೇರೆ ಬೇರೆ ಸಾಲುಗಳಲ್ಲಿ ನಿಂತರು. ಬೆಟ್ಟಕುರುಬ ಎಂಬ ಹೆಸರಂತೂ ಕಾಡುಕುರುಬ ಎಂಬುದರ ಪರ್ಯಾಯವಾಗಿ ಪಟ್ಟಿಯಲ್ಲಿ ಸೇರಲು ಸಂಸತ್ತಿನಲ್ಲಿ 2022ರ ತಿದ್ದುಪಡಿ ಮಸೂದೆ ಬರಬೇಕಾಯಿತು.

ಈ ಆಡಳಿತದ ಗೆರೆಗಳು ಕಾಗದದ ಮೇಲಿದ್ದವೇ ಹೊರತು ಕಾಲಿಗೆ ತಡೆಯಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೊಡಗಿನ ದೇವರಪುರದಲ್ಲಿ ಮುಂಗಾರಿಗೆ ಮುನ್ನ ನಡೆಯುವ ಕುಂಡೆ ಹಬ್ಬಕ್ಕೆ ಕೊಡಗಿನ ತೋಟಗಳಿಂದಲೂ ಮೈಸೂರು ಜಿಲ್ಲೆಯ ಗಡಿಯ ಹಾಡಿಗಳಿಂದಲೂ ಜೇನುಕುರುಬರು, ಯರವರು ಸೇರುತ್ತಾರೆ. ತಮ್ಮನ್ನು ಬೇಟೆಗೆಂದು ಕರೆದೊಯ್ದ ಅಯ್ಯಪ್ಪನು ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಿನಲ್ಲಿ ಕೈಬಿಟ್ಟನೆಂಬ ಕಥೆಯನ್ನು ಹಿಡಿದು ಅಂದು ಅವರು ದೇವರನ್ನೇ ಬಯ್ಯುತ್ತಾರೆ. ಕರೆದೊಯ್ದವನೇ ಕೈಬಿಟ್ಟ ಎಂಬ ಈ ದೂರು ಮುಂದಿನ ಇತಿಹಾಸಕ್ಕೂ ಹೊಂದುತ್ತದೆಯೆಂದು ಯಾರಿಗಾದರೂ ಅನ್ನಿಸಿದರೆ ಅದು ಅತಿಶಯೋಕ್ತಿಯೇನಲ್ಲ.

ಸಂಸ್ಥಾನದ ಕಾಲದಲ್ಲಿ ಈ ಜನ ಕಾಡಿಗೆ ಬೇಕಾದವರಾಗಿದ್ದರು. 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಯಾಂಡರ್ಸನ್ ಆನೆಗಳ ಜಾಡು ಹಿಡಿಯುವ ಕುರುಬರ ನಿಪುಣತೆಯನ್ನು ಬಣ್ಣಿಸಿದ್ದಾನೆ. ಕಾಕನಕೋಟೆಯ ಖೆಡ್ಡಾಗಳು ಅವರ ಕಾಲ್ಬಲದ ಮೇಲೆ ನಿಂತಿದ್ದವು. ಮಾಸ್ತಿಯವರ ‘ಕಾಕನಕೋಟೆ’ ನಾಟಕದಲ್ಲಿಯೂ, 1977ರಲ್ಲಿ ಸಿ. ಆರ್. ಸಿಂಹ ಅವರು ಅದನ್ನು ಆಧರಿಸಿ ನಿರ್ದೇಶಿಸಿದ ಚಿತ್ರದಲ್ಲಿಯೂ ಕಾಡಿನ ಜನಕ್ಕೂ ಅರಸೊತ್ತಿಗೆಗೂ ನಡುವಣ ಸಂಬಂಧವೇ ವಸ್ತು. ಮೈಸೂರು ಸಂಸ್ಥಾನದ ಕಂದಾಯಾಡಳಿತವನ್ನು ಒಳಗಿನಿಂದ ಕಂಡ ಅಧಿಕಾರಿಯೊಬ್ಬರಿಗೆ ಈ ವಸ್ತು ಹೊಳೆಯಿತೆಂಬುದು ಗಮನಾರ್ಹ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಪೂರ್ಣಗೊಂಡು ಆ ಪ್ರದೇಶದ ಬಹುಭಾಗ ಹಿನ್ನೀರಿನಲ್ಲಿ ಮುಳುಗಿತು. ನಾಗರಹೊಳೆಗೂ ಬಂಡೀಪುರಕ್ಕೂ ನಡುವೆ ಇಂದು ಹಿನ್ನೀರೇ ಎಲ್ಲೆ. ಆನೆಗಳು ಅದನ್ನು ಈಜಿ ದಾಟುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಸೇರುವ ಬಯಲನ್ನು ನೋಡಲು ಪ್ರವಾಸಿಗರು ದೂರದೂರದಿಂದ ಬರುತ್ತಾರೆ. ಈ ಕಾಡನ್ನು ಹಾಡಿಯವರಿಂದ ಬೇರ್ಪಡಿಸಿದ ಮೊದಲ ದೊಡ್ಡ ಅಡ್ಡಿ ಈ ನೀರು ಎನ್ನಬಹುದು.

ಎರಡನೆಯದು ಕಾನೂನು. 1955ರಲ್ಲಿ ಕೊಡಗಿನ ಭಾಗದ ಕಾಡನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಮುಂದೆ ಮೈಸೂರು ಜಿಲ್ಲೆಯ ಅರಣ್ಯಗಳು ಸೇರಿ 643.39 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಅದು ಹುಲಿ ಯೋಜನೆಯ ವ್ಯಾಪ್ತಿಗೆ ಬಂದು, 2007ರಲ್ಲಿ ಪ್ರತ್ಯೇಕ ಹುಲಿ ಸಂರಕ್ಷಿತ ಪ್ರದೇಶವಾಯಿತು. ಈ ರಕ್ಷಣೆಯಿಂದ ದೊರೆತ ಫಲ ದೊಡ್ಡದು. ಉಲ್ಲಾಸ ಕಾರಂತರು 1980ರ ದಶಕದಿಂದ ಇಲ್ಲಿ ನಡೆಸಿದ ಅಧ್ಯಯನಗಳು ಹುಲಿಯ ಸಾಂದ್ರತೆಯಲ್ಲಿ ನಾಗರಹೊಳೆ ದೇಶದ ಮುಂಚೂಣಿಯ ಕಾಡುಗಳಲ್ಲೊಂದೆಂಬುದನ್ನು ತೋರಿಸಿಕೊಟ್ಟಿವೆ. ಕಳ್ಳಬೇಟೆಯನ್ನೂ ಮರಗಳ್ಳತನವನ್ನೂ ಎದುರಿಸಿದ ಅರಣ್ಯ ಸಿಬ್ಬಂದಿಯ ಶ್ರಮವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದೇ ಅಪರಾಧವಾಗುವುದರಿಂದ, ನಿನ್ನೆಯವರೆಗೆ ಜೇನು ಕೊಯ್ಯುತ್ತಿದ್ದವನು ಇಂದು ಅತಿಕ್ರಮಿಯಾದ. ಹಾಡಿಯ ಜನ ಹಂತಹಂತವಾಗಿ ಕಾಡಿನ ಹೊರಗೆ ಬಂದರು. ಕೆಲವರು ಅಂಚಿನ ಹಳ್ಳಿಗಳ ಬದಿಯಲ್ಲಿ ಗುಡಿಸಲು ಹಾಕಿಕೊಂಡರು. ಹಲವರು ಕೊಡಗಿನ ಕಾಫಿ ತೋಟಗಳ ಲೈನುಮನೆ ಸೇರಿದರು. ಇಂದಿಗೂ ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಾಡಿಗಳಿಂದ ಕೂಲಿಗಳನ್ನು ತುಂಬಿಕೊಂಡ ಜೀಪುಗಳು ಬೆಳಗಿನ ಜಾವ ಕೊಡಗಿಗೆ ಹೊರಡುತ್ತವೆ.

ಇಲ್ಲಿ ಒಂದು ಹೋಲಿಕೆ ಪ್ರಸ್ತುತ. 1960–61ರಲ್ಲಿ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. 1970ರ ದಶಕದ ಆರಂಭದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ವಸತಿ ಬಂದಿತು. ತಮ್ಮ ನಾಡನ್ನು ಕಳೆದುಕೊಂಡವರಿಗೆ ಕನ್ನಡ ನಾಡು ನೆಲ ಕೊಟ್ಟದ್ದು ಹೆಮ್ಮೆಯ ವಿಷಯವೇ. ಅವರದು ನೆಲದ ವಿವಾದವೆಂದೂ ಅವರು ಒಂದು ಜನಾಂಗವೆಂದೂ ನಾವು ಸುಲಭವಾಗಿ ಒಪ್ಪಿಕೊಂಡೆವು. ಅದೇ ತಾಲ್ಲೂಕುಗಳ ಅದೇ ಕಾಡಿನ ಮೂಲನಿವಾಸಿಗಳ ವಿಷಯದಲ್ಲಿ ಮಾತ್ರ ಅದು ಕಲ್ಯಾಣ ಇಲಾಖೆಯ ಕಾರ್ಯಕ್ರಮವಾಗಿ ಉಳಿಯಿತು. ಇದು ಟಿಬೆಟಿಯನ್ನರ ಮೇಲಿನ ಆಕ್ಷೇಪವಲ್ಲ, ನಮ್ಮ ಪರಿಭಾಷೆಯ ಮೇಲಿನ ಆಕ್ಷೇಪ.

ಮೂರನೆಯ ಅಡ್ಡಿ, ಈ ಲೇಖನದ ಮಟ್ಟಿಗೆ ಮುಖ್ಯವಾದುದು, ಆನೆ ಕಂದಕ. ಕಾಡಂಚಿನುದ್ದಕ್ಕೂ ಸುಮಾರು ಮೂರು ಮೀಟರ್ ಅಗಲ, ಅಷ್ಟೇ ಆಳದ ಹಳ್ಳವನ್ನು ತೋಡಿ, ತೆಗೆದ ಮಣ್ಣನ್ನು ಊರಿನ ಮಗ್ಗುಲಿಗೆ ಏರಿಯಾಗಿ ಹಾಕುವುದು ಇದರ ವಿಧಾನ. ಅದರ ಜೊತೆಗೆ ಸೋಲಾರ್ ಬೇಲಿ, ಈಚೆಗೆ ರೈಲು ಕಂಬಿಯ ಬೇಲಿ. ಕಾರಣ ನಿಜವಾದದ್ದು. ರಾಗಿ, ಜೋಳ, ಶುಂಠಿ, ಬಾಳೆಯ ಹೊಲಗಳಿಗೆ ಆನೆ ಇಳಿದರೆ ವರ್ಷದ ಬೆಳೆ ಒಂದು ರಾತ್ರಿಗೆ ಮುಗಿಯುತ್ತದೆ, ಜೀವಹಾನಿಯೂ ಆಗುತ್ತದೆ. ಹನಗೋಡು, ಅಂತರಸಂತೆಗಳ ಸುತ್ತಿನ ರೈತರು ಅಡ್ಡಗಟ್ಟು ಬೇಕೆಂದು ಕೇಳುವುದು ನ್ಯಾಯವೇ.

ಆದರೆ ಕಂದಕವು ಆನೆಯನ್ನು ಎಷ್ಟು ತಡೆಯುತ್ತದೆ? ಮಳೆಗಾಲದಲ್ಲಿ ದಡ ಕುಸಿದು ಹೂಳು ತುಂಬುತ್ತದೆ. ತೊರೆ ಹಾದುಹೋಗುವೆಡೆ ಕಂದಕ ತೋಡುವಂತಿಲ್ಲ. ಬುದ್ಧಿವಂತ ಸಲಗ ಕಾಲಿನಿಂದ ದಡವನ್ನು ಕೆಡವಿ ಇಳಿಜಾರು ಮಾಡಿಕೊಂಡು ದಾಟುತ್ತದೆ. ಹೀಗಾಗಿಯೇ ರೈಲು ಕಂಬಿಯ ಆಲೋಚನೆ ಬಂದದ್ದು. ದಕ್ಷಿಣ ಆಫ್ರಿಕಾದ ಆಡ್ಡೊ ಆನೆಧಾಮದಲ್ಲಿ 1954ರಲ್ಲಿ ಟ್ರಾಮ್ ಕಂಬಿ, ಲಿಫ್ಟಿನ ಉಕ್ಕಿನ ಹಗ್ಗಗಳಿಂದ ಕಟ್ಟಿದ ಬೇಲಿ ಇದರ ಹಿಂದಿನ ಮಾದರಿ. ಹಳೆಯ ರೈಲು ಕಂಬಿಗಳನ್ನು ಕೊಂಡುತಂದು ವೀರನಹೊಸಹಳ್ಳಿಯ ಕಡೆ ನಿಲ್ಲಿಸಲಾಯಿತು. 2018ರ ಡಿಸೆಂಬರಿನಲ್ಲಿ ಅದೇ ವೀರನಹೊಸಹಳ್ಳಿಯ ಬಳಿ ಸಲಗವೊಂದು ಕಂಬಿಯನ್ನು ಹತ್ತಿ ದಾಟಲು ಹೋಗಿ ಅದರ ಮೇಲೆಯೇ ಸಿಲುಕಿ ಸತ್ತಿತು. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದು ಬೇಲಿಯ ವಿನ್ಯಾಸದ ಬಗೆಗೆ ಚರ್ಚೆ ನಡೆಯಿತು. ಬೇಲಿ ಆನೆಗೆ ಏನು ಮಾಡುತ್ತದೆ ಎಂಬುದು ಹೀಗೆ ಸಾರ್ವಜನಿಕ ಪ್ರಶ್ನೆಯಾಯಿತು. ಅದರಾಚೆ ದೇವರನ್ನೂ ಸಮಾಧಿಯನ್ನೂ ಬಿಟ್ಟುಬಂದವರಿಗೆ ಅದು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಅಷ್ಟು ಕಿವಿಗಳು ದೊರೆಯಲಿಲ್ಲ.

ವೀರನಹೊಸಹಳ್ಳಿಯೊಂದನ್ನೇ ಸ್ವಲ್ಪ ನಿಂತು ನೋಡಬೇಕು. ಹುಣಸೂರು ತಾಲ್ಲೂಕಿನ ಈ ಊರು ನಾಗರಹೊಳೆಯ ಹೆಬ್ಬಾಗಿಲು. ಮೈಸೂರು ದಸರೆಯ ಗಜಪಯಣ ಇಲ್ಲಿಂದಲೇ ಹೊರಡುತ್ತದೆ. ಮಂತ್ರಿಗಳು ಆನೆಗಳಿಗೆ ಪೂಜೆ ಸಲ್ಲಿಸಿ, ಕಬ್ಬು ಬೆಲ್ಲ ತಿನ್ನಿಸಿ, ಪುಷ್ಪವೃಷ್ಟಿ ಮಾಡಿ ಬೀಳ್ಕೊಡುತ್ತಾರೆ. ಆನೆಗಳೊಡನೆ ಹೊರಡುವ ಮಾವುತ ಕಾವಾಡಿಗಳಲ್ಲಿ ಜೇನುಕುರುಬರು ಅನೇಕರು. ಇದೇ ವೀರನಹೊಸಹಳ್ಳಿಯ ಸಮೀಪದ ನಾಗಾಪುರದಲ್ಲಿ, ಕಾಡಿನಿಂದ ಹೊರತಂದ ಕುಟುಂಬಗಳಿಗಾಗಿ 1999–2000ರ ಸುಮಾರಿಗೆ ಗಿರಿಜನ ಪುನರ್ವಸತಿ ಕೇಂದ್ರ ಆರಂಭವಾಯಿತು. ಕುಟುಂಬಕ್ಕೊಂದು ಮನೆ, ಐದು ಎಕರೆ ಭೂಮಿ ಎಂಬುದು ಅದರ ಕ್ರಮ. ಆಮೇಲೆ ಹುಣಸೂರು ತಾಲ್ಲೂಕಿನ ಶೆಟ್ಟಹಳ್ಳಿ-ಲಕ್ಕಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕಿನ ಸೊಳ್ಳೆಪುರಗಳಲ್ಲಿಯೂ ಇಂಥ ಕೇಂದ್ರಗಳಾದವು. ಬೇಸಾಯ ಹಿಡಿದು ನೆಲೆನಿಂತವರೂ ಇದ್ದಾರೆ. ಎತ್ತು, ನೀರು, ಬಂಡವಾಳಗಳಿಲ್ಲದೆ ಭೂಮಿಯನ್ನು ಅನ್ಯರ ಶುಂಠಿ ಬೆಳೆಗೆ ಗುತ್ತಿಗೆ ಬಿಟ್ಟು ಕೂಲಿಗೆ ಹೋಗುವವರೂ ಇದ್ದಾರೆ. ಹೀಗೆ ಒಂದೇ ಊರಿನ ಆಸುಪಾಸಿನಲ್ಲಿ ಕಾಡಿನ ಬಾಗಿಲು, ಗಜಪಯಣದ ಮಂಟಪ, ಕಂಬಿಬೇಲಿ, ಕಾಡು ಬಿಟ್ಟವರ ಕಾಲೊನಿ ನಾಲ್ಕೂ ಕೂಡಿವೆ. ಆನೆಯನ್ನು ಬಲ್ಲವನೆಂಬ ಕಾರಣಕ್ಕೆ ಜೇನುಕುರುಬನಿಗೆ ಅಂಬಾರಿಯ ಮುಂದೆ ಸ್ಥಾನವಿದೆ. ಆ ಅರಿವು ಹುಟ್ಟಿದ ನೆಲಕ್ಕೆ ಹೋಗಲು ಮಾತ್ರ ಅನುಮತಿ ಬೇಕು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ, ಮಚ್ಚೂರು, ಗೋಳೂರು, ಡಿ. ಬಿ. ಕುಪ್ಪೆಗಳ ಕಡೆ ಈ ಅಡ್ಡಿಯ ಸ್ವರೂಪ ಬೇರೆ. ಅಲ್ಲಿ ಜನ ಕಾಡಿನೊಳಗೇ ಉಳಿದಿದ್ದಾರೆ, ಊರು ಹೊರಗಿದೆ. ಮೈಸೂರು–ಮಾನಂದವಾಡಿ ರಸ್ತೆಯಲ್ಲಿ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ಪ್ರಾಣಿಗಳ ಸುರಕ್ಷತೆಗೆ ಇದು ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ತಾಲ್ಲೂಕು ಕೇಂದ್ರಕ್ಕೆ ಕೆಲಸಕ್ಕೆ ಹೋದವರು ಸಂಜೆಯೊಳಗೆ ಗೇಟು ದಾಟಬೇಕೆಂಬ ಲೆಕ್ಕದಲ್ಲಿಯೇ ದಿನ ಕಳೆಯಬೇಕಾಗುತ್ತದೆ. ಪಿರಿಯಾಪಟ್ಟಣದ ಪಾಲಿಗೆ ಬರುವುದು ಆನೆಚೌಕೂರಿನ ಕಡೆಯ ಅಂಚು; ಅಲ್ಲಿನ ಹಾಡಿಗಳ ಪರಿಸ್ಥಿತಿ ಹುಣಸೂರಿನದಕ್ಕಿಂತ ಮೂಲತಃ ಭಿನ್ನವಲ್ಲ.

ಈ ನೆಲದ ಪ್ರಶ್ನೆ ನ್ಯಾಯಾಲಯಗಳಿಗೂ ಹೊರದೇಶಕ್ಕೂ ಹೋಗಿ ಬಂದಿದೆ. 1990ರ ದಶಕದಲ್ಲಿ ನಾಗರಹೊಳೆಯೊಳಗಿನ ಮೂರ್ಕಲ್ಲಿನಲ್ಲಿ ತಾಜ್ ಸಮೂಹದ ಹೋಟೆಲ್ ಸಂಸ್ಥೆಯೊಂದಕ್ಕೆ ವಸತಿಧಾಮ ನಡೆಸಲು ಗುತ್ತಿಗೆ ಕೊಟ್ಟಾಗ ಹಾಡಿಯ ಜನ ವಿರೋಧಿಸಿದರು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅರಣ್ಯ ಹಾಗೂ ವನ್ಯಜೀವಿ ಕಾನೂನುಗಳಿಗೆ ವಿರುದ್ಧವೆಂದು ಆ ಗುತ್ತಿಗೆಯನ್ನು ಅನೂರ್ಜಿತಗೊಳಿಸಿತು. ನಮ್ಮನ್ನು ಹೊರಕಳಿಸಿದ ಜಾಗಕ್ಕೆ ಹೋಟೆಲು ಹೇಗೆ ಬರುತ್ತದೆ ಎಂಬ ಸರಳ ಪ್ರಶ್ನೆ ಆ ಹೋರಾಟದ ತಿರುಳಾಗಿತ್ತು. ಅದೇ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನ ಪರಿಸರಾಭಿವೃದ್ಧಿ ಯೋಜನೆಗೆ ಆಯ್ಕೆಯಾದ ಏಳು ತಾಣಗಳಲ್ಲಿ ನಾಗರಹೊಳೆಯೂ ಒಂದಾಯಿತು. ಯೋಜನೆಯಲ್ಲಿ ತಮ್ಮನ್ನು ಕೇಳಿಲ್ಲವೆಂದು 1998ರಲ್ಲಿ ಬ್ಯಾಂಕಿನ ತಪಾಸಣಾ ಮಂಡಲಿಗೆ ದೂರು ಹೋಯಿತು. ಮಂಡಲಿ ತನಿಖೆಗೆ ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕರ ಮಂಡಳಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಹುಣಸೂರಿನ ಸ್ವಯಂಸೇವಾ ಸಂಸ್ಥೆಯೊಂದರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಉಚ್ಚ ನ್ಯಾಯಾಲಯ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿಯು 2014ರಲ್ಲಿ ವರದಿ ಸಲ್ಲಿಸಿ, ನಾಗರಹೊಳೆಯಿಂದ ಸ್ಥಳಾಂತರಗೊಂಡು ಪುನರ್ವಸತಿ ಪಡೆಯಬೇಕಾದ 3,418 ಕುಟುಂಬಗಳನ್ನು ಗುರುತಿಸಿತು. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಆ ವರದಿಯ ಮುಖ್ಯ ಗುಣವೆಂದರೆ, ಯಾವ ಪಟ್ಟಿಯಲ್ಲೂ ಇಲ್ಲದೆ ಸದ್ದಿಲ್ಲದೆ ಕಾಡು ಬಿಟ್ಟವರನ್ನೂ ಅದು ಲೆಕ್ಕಕ್ಕೆ ತಂದದ್ದು.

2006ರ ಅರಣ್ಯ ಹಕ್ಕು ಕಾಯ್ದೆ 2007ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಅರಣ್ಯವಾಸಿಗಳಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸುವುದು ಇದರ ಗುರಿಯೆಂದು ಪೀಠಿಕೆಯಲ್ಲಿಯೇ ಹೇಳಿದೆ. ವೈಯಕ್ತಿಕ ಹಕ್ಕಿನ ಜೊತೆಗೆ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕನ್ನೂ, 2005ರ ಡಿಸೆಂಬರ್ 13ಕ್ಕೆ ಮುನ್ನ ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟವರಿಗೆ ಮೂಲಸ್ಥಳದಲ್ಲಿಯೇ ಪುನರ್ವಸತಿಯ ಹಕ್ಕನ್ನೂ ಇದು ಮಾನ್ಯ ಮಾಡುತ್ತದೆ. ನೆರೆಯ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ, ಅದು ಹುಲಿ ಸಂರಕ್ಷಿತ ಪ್ರದೇಶವಾಗಿದ್ದರೂ, 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಸೋಲಿಗರಲ್ಲಿ ಅನೇಕರು ಬೆಟ್ಟದ ಮೇಲಿನ ಪೋಡುಗಳಲ್ಲಿಯೇ ಉಳಿದಿದ್ದರು. ತಮ್ಮ ದೇವರ ತಾಣಗಳನ್ನು ನಡೆದು ಹೋಗಿ ತೋರಿಸಬಲ್ಲವರಾಗಿದ್ದರು. ನಾಗರಹೊಳೆಯವರ ತೊಡಕು ಇಲ್ಲಿಯೇ ಇದೆ.

ಕಾಯ್ದೆಯ ನಿಯಮ 13ರಂತೆ ಹಕ್ಕಿಗೆ ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷ್ಯಗಳನ್ನು ಪರಿಗಣಿಸಬೇಕು. ಬಾವಿ, ಸಮಾಧಿ, ಪವಿತ್ರ ತಾಣಗಳಂಥ ಪಾರಂಪರಿಕ ಕುರುಹುಗಳು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಇವೂ ಸಾಕ್ಷ್ಯಗಳೇ. ಕಾಗದವಿಲ್ಲದ ಜನರಿಗೆ ಇದು ದೊಡ್ಡ ಆಸರೆ. ಆದರೆ ಹುಣಸೂರು ಅಂಚಿನ ಹಾಡಿಯವರ ಸಮಾಧಿಗಳೂ ದೇವರ ಕಲ್ಲುಗಳೂ ಇರುವುದು ಕಂದಕದಾಚೆ, ರಾಷ್ಟ್ರೀಯ ಉದ್ಯಾನದೊಳಗೆ. ಸ್ಥಳ ಪರಿಶೀಲನೆಗೆ ಅರಣ್ಯ ಹಕ್ಕು ಸಮಿತಿಯು ಅರಣ್ಯ ಇಲಾಖೆಗೆ ತಿಳಿಸಿ ಹೋಗಬೇಕು. ಒಳಹೋಗಲು ಅದೇ ಇಲಾಖೆಯ ಅನುಮತಿ ಬೇಕು. ವಿವಾದದ ಒಂದು ಪಕ್ಷದ ಸಾಕ್ಷ್ಯದ ಕೀಲಿ ಇನ್ನೊಂದು ಪಕ್ಷದ ಕೈಯಲ್ಲಿದೆ. ಸಾಕ್ಷ್ಯ ತೋರಿಸಲಾಗದವನ ಅರ್ಜಿ ತಿರಸ್ಕೃತವಾಗುತ್ತದೆ. ತಿರಸ್ಕೃತವಾದವನು ಕಾಗದದ ಮೇಲೆ ಅಲ್ಲಿ ಎಂದೂ ಇರದವನಾಗುತ್ತಾನೆ. ಇದರ ಜೊತೆಗೆ ಕಾಲವೂ ಒಂದು ಪಕ್ಷದ ಕಡೆಗಿದೆ: ಸಮಾಧಿಯ ಮೇಲೆ ಲಂಟಾನ ಬೆಳೆಯುತ್ತದೆ, ತೊರೆಗೆ ಹೆಸರಿಟ್ಟವರು ತೀರಿಕೊಳ್ಳುತ್ತಾರೆ, ಹೊರಗಿನ ಕಾಲೊನಿಯಲ್ಲಿ ಹುಟ್ಟಿದ ಮಗು ಆ ಹೆಸರುಗಳನ್ನು ಕೇಳಿರುತ್ತದೆಯೇ ಹೊರತು ಕಂಡಿರುವುದಿಲ್ಲ. ಬೇಲಿಯ ನಿಜವಾದ ಕೆಲಸ ಇದು ಎಂದು ನನಗೆ ತೋರುತ್ತದೆ. ಅದು ಜನರನ್ನು ನೆಲದಿಂದ ಬೇರ್ಪಡಿಸಿದ್ದಕ್ಕಿಂತ ಹೆಚ್ಚಾಗಿ, ಹಕ್ಕನ್ನು ಅದರ ಸಾಕ್ಷ್ಯದಿಂದ ಬೇರ್ಪಡಿಸಿದೆ. ಹಾಗೆ ಮಾಡಬೇಕೆಂಬ ಉದ್ದೇಶದಿಂದ ಯಾರೂ ಅದನ್ನು ತೋಡಲಿಲ್ಲವೆಂಬುದೂ ಅಷ್ಟೇ ನಿಜ.

2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯವು ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. 2024ರ ಜೂನ್ ತಿಂಗಳಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ದೇಶದ 54 ಹುಲಿ ಸಂರಕ್ಷಿತ ಪ್ರದೇಶಗಳ 591 ಹಳ್ಳಿಗಳ ಸ್ಥಳಾಂತರಕ್ಕೆ ಕಾಲಬದ್ಧ ಯೋಜನೆ ಕೇಳಿ ರಾಜ್ಯಗಳಿಗೆ ಪತ್ರ ಬರೆಯಿತು. 2025ರ ಮೇ 5ರಂದು ಕೊಡಗಿನ ಭಾಗದ ಕರಡಿಕಲ್ಲು ಅತ್ತೂರುಕೊಲ್ಲಿಯಲ್ಲಿ 52 ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ಹಾಡಿಯ ಜಾಗಕ್ಕೆ ಮರಳಿ ಹೋಗಿ ಗುಡಿಸಲು ಕಟ್ಟಿದವು. ಅವರ ವಾದವನ್ನು ಒಪ್ಪುವುದು ಬಿಡುವುದು ಸಮಿತಿಗಳ, ನ್ಯಾಯಾಲಯಗಳ ಕೆಲಸ. ಆದರೆ ಅವರು ಅಲ್ಲಿಗೆ ಹೋದದ್ದು ಬರಿಯ ವಾಸಕ್ಕಲ್ಲ, ಸಾಕ್ಷ್ಯ ಇರುವಲ್ಲಿಗೆ ಎಂಬುದನ್ನು ಗಮನಿಸಿದರೆ ಘಟನೆಯ ಅರ್ಥ ಬೇರೆಯಾಗಿ ಕಾಣುತ್ತದೆ.

ಕೊನೆಯದಾಗಿ ಈ ಸಂಪುಟದ ಓದುಗರಿಗೆ ನೇರವಾಗಿ ಸಂಬಂಧಿಸಿದ ಒಂದು ಮಾತು. ನಿಯಮ 13 ಸಮಾಧಿ ಮತ್ತು ಹೇಳಿಕೆಗಳನ್ನಷ್ಟೇ ಹೆಸರಿಸುವುದಿಲ್ಲ. ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿ, ಅರಣ್ಯ ಇಲಾಖೆಯ ಕಾರ್ಯಯೋಜನೆ, ಹಳೆಯ ಸಂಸ್ಥಾನಗಳ ನಕ್ಷೆ ಮತ್ತು ದಾಖಲೆಗಳನ್ನೂ ಅದು ಸಾಕ್ಷ್ಯವೆಂದು ಎಣಿಸುತ್ತದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯಂಥ ಪ್ರತಿಷ್ಠಿತ ಸಂಸ್ಥೆಗಳು ಸಂಪ್ರದಾಯಗಳನ್ನು ಕುರಿತು ಮಾಡಿದ ಸಂಶೋಧನೆ ಮತ್ತು ದಾಖಲಾತಿಯೂ ಅದರಲ್ಲಿ ಸೇರುತ್ತದೆ. ಆ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರ ಇರುವುದು ಮೈಸೂರಿನಲ್ಲಿ. ಕರ್ನಾಟಕ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಅಲ್ಲಿಯೇ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕನನ್ನನ ಪ್ರವಾಸ ಕಥನದಿಂದ ಹಿಡಿದು ಥರ್ಸ್ಟನ್, ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳವರೆಗೆ ಕಾಡುಕುರುಬರ ವಿವರಗಳು ನಮ್ಮ ಗ್ರಂಥಾಲಯಗಳ ಕಪಾಟಿನಲ್ಲಿವೆ. ಹಾಡಿಗಳಲ್ಲಿ ಸಂಗ್ರಹಿಸಿದ ಹಾಡು ಕಥೆಗಳ ಹಸ್ತಪ್ರತಿಗಳೂ ಧ್ವನಿಸುರುಳಿಗಳೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿವೆ. ಸಂಗ್ರಹಕಾರರು ಅವುಗಳಲ್ಲಿ ಛಂದಸ್ಸನ್ನೂ ಆಶಯವನ್ನೂ ಹುಡುಕಿದಷ್ಟು ಶ್ರದ್ಧೆಯಿಂದ ಹಡ್ಲು, ತೊರೆ, ಮರ, ಬಂಡೆಗಳ ಹೆಸರುಗಳನ್ನು ನಕ್ಷೆಯೊಡನೆ ಹೋಲಿಸಿ ನೋಡಲಿಲ್ಲ. ಆ ಹೆಸರುಗಳ ಪಟ್ಟಿಯನ್ನು ಸಂಗ್ರಹದ ದಿನಾಂಕ, ಹಾಡಿದವರ ಹಾಡಿ ಇವುಗಳೊಡನೆ ತಯಾರಿಸಿ ಹುಣಸೂರಿನ ಉಪವಿಭಾಗ ಮಟ್ಟದ ಸಮಿತಿಯ ಮುಂದಿಡುವುದಕ್ಕೆ ಕಂದಕವನ್ನು ದಾಟುವ ಅನುಮತಿ ಬೇಕಾಗಿಲ್ಲ.